ಬ್ಯಾಡಗಿಯ ಒಂದು ಸರ್ಕಾರಿ ಕನ್ನಡ ಶಾಲೆ: ಮೂರು ವರ್ಷದಿಂದ ಮಕ್ಕಳನ್ನು ಕಳಿಸುತ್ತಿರುವ ತಾಯಿಯ ಅನಿಸಿಕೆ

ಮುಖ್ಯ ಗುರುಗಳ ಕೋಣೆಯಲ್ಲಿ ಅವರ ಕುರ್ಚಿಯ ಹಿಂದೆ ಒಂದು ಕರಿಹಲಗೆ ಇದೆ. ಬಿಳಿ ಬಣ್ಣದಲ್ಲಿ ಗೆರೆ ಎಳೆದು ಮನೆ ಮಾಡಿದ್ದಾರೆ. ಎಡಗಡೆ ತರಗತಿ, ಒಂದರಿಂದ ಏಳು. ಮೇಲುಗಡೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರು, ಇತರೆ, ಒಟ್ಟು. ಪ್ರತಿಯೊಂದರ ಕೆಳಗೆ ಗಂಡು, ಹೆಣ್ಣು ಅಂತ ಎರಡು ಮನೆ. ಅಂಕಿ ಮಾತ್ರ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ, ಆಗಾಗ ಅಳಿಸಿ ಬರೆಯಬೇಕಲ್ವಾ.

2023ರ ಜೂನ್‌ನಲ್ಲಿ ಮಗಳನ್ನು ಸೇರಿಸಲು ಹೋದಾಗ ಆ ಕೋಣೆಯಲ್ಲಿ ಅರ್ಧ ಗಂಟೆ ಕೂತಿದ್ದೆ. ನಾನು ಇಲ್ಲಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಂಕಿ ಕಂಡರೆ ಕೂಡಿಸುವುದು ಕೈಗೆ ಬಂದ ರೂಢಿ. ಕೂಡಿಸುತ್ತಾ ಹೋದೆ. ಎರಡನೆಯ ತರಗತಿಯಲ್ಲಿ ಹೆಣ್ಣುಮಕ್ಕಳು 16, ಗಂಡುಮಕ್ಕಳು 9. ಮೂರನೆಯದರಲ್ಲೂ ಹೆಚ್ಚುಕಡಿಮೆ ಹಾಗೇ. ಏಳರವರೆಗೆ ಒಂದು ಸಾಲಿನಲ್ಲೂ ಗಂಡುಮಕ್ಕಳ ಅಂಕಿ ಹೆಣ್ಣುಮಕ್ಕಳ ಅಂಕಿಯನ್ನು ದಾಟಿರಲಿಲ್ಲ.

ಗುರುಗಳು ಬಂದ ಕೂಡಲೇ ಕೇಳಿದೆ, ಇದು ಹೀಗ್ಯಾಕೆ ಅಂತ.

"ಗಂಡುಹುಡುಗ್ರು ವ್ಯಾನಿನ್ಯಾಗ ಹೊಕ್ಕಾರ್ರೀ ಅಕ್ಕಾರ," ಅಂದರು. ಖಾಸಗಿ ಶಾಲೆಯ ವ್ಯಾನ್ ಅಂತ ಅರ್ಥ. ಅಷ್ಟೇ ಅಂದು ಅರ್ಜಿ ತೆಗೆದರು.

ಆ ಮಾತು ನನಗೇ ತಗುಲಿತು. ಯಾಕೆಂದರೆ ನಾನು ಮಾಡುತ್ತಿದ್ದುದೂ ಅದೇ. ಮಗಳು, ಮಗ ಇಬ್ಬರೂ ಒಂದೇ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದರು. ಆ ವರ್ಷ ಇಬ್ಬರ ಫೀ ಕಟ್ಟುವುದು ಆಗಲಿಲ್ಲ. ಮನೆಯವರ ಗೂಡ್ಸ್ ಟೆಂಪೋ ಇಂಜಿನ್ ಕೆಲಸಕ್ಕೆ ನಿಂತಿತ್ತು. ಒಬ್ಬರನ್ನು ಬಿಡಿಸಬೇಕು ಎಂದಾಗ ಮಗಳನ್ನು ಬಿಡಿಸಿದೆವು. ಮಗ ಯುಕೆಜಿ ಮುಗಿಸಿ ಒಂದನೆಯ ತರಗತಿಗೆ ಹೋಗುವವನು. ಮನೆಯಲ್ಲಿ ಯಾರೂ ಈ ಬಗ್ಗೆ ಎರಡು ಮಾತು ಆಡಲಿಲ್ಲ. ಅದೇ ಈಗ ನನಗೆ ನೋವು. ಜಗಳವಾದರೂ ಆಗಬೇಕಿತ್ತು.

ಈ ಬರಹದಲ್ಲಿ ಶಾಲೆಯ ಹೆಸರು ಹಾಕುವುದಿಲ್ಲ. ಒಳ್ಳೆಯದೂ ಬರೆಯುತ್ತೇನೆ, ಕೊರತೆಯೂ ಬರೆಯುತ್ತೇನೆ. ಅಲ್ಲಿಯ ಗುರುಗಳಿಗೆ ನನ್ನಿಂದ ತೊಂದರೆ ಆಗಬಾರದು. ಊರು ಬ್ಯಾಡಗಿ, ಹಾವೇರಿ ಜಿಲ್ಲೆ. ಹಳೇ ಮುಂಬಯಿ ಸರ್ಕಾರದ ಕಾಲದಿಂದ ನಮ್ಮ ಕಡೆ ಇರುವ ಕನ್ನಡ ಶಾಲೆಗಳ ಥರದ್ದೇ. ಉದ್ದನೆಯ ಹಂಚಿನ ಕಟ್ಟಡ, ಮುಂದೆ ಕಟ್ಟೆ, ಅಂಗಳದಲ್ಲಿ ಬೇವಿನ ಮರ. ಹಿಂದುಗಡೆ ಎರಡು ಆರ್‌ಸಿಸಿ ಕೋಣೆ ಆಮೇಲೆ ಕಟ್ಟಿದ್ದು.

ಮೊದಲು ದಾಖಲಾತಿಯ ಕಥೆ. ಹಳೆಯ ಶಾಲೆಯವರು ಟಿಸಿ ಕೊಡಲಿಲ್ಲ. ಬಾಕಿ ಕಟ್ಟಿ ಒಯ್ಯಿರಿ ಅಂದರು. ಬಾಕಿ ಇದ್ದದ್ದು ನಿಜ, ಕೊಡುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಎರಡು ತಿಂಗಳು ಸಮಯ ಕೇಳಿದ್ದೆ. ಟಿಸಿ ಇಲ್ಲದೆ ಬೇರೆ ಶಾಲೆಯಲ್ಲಿ ಕೂರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಭಯದಲ್ಲೇ ಸರ್ಕಾರಿ ಶಾಲೆಗೆ ಹೋಗಿದ್ದು. ಮುಖ್ಯ ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ವಯಸ್ಸೆಷ್ಟ್ರೀ?" ಏಳು ಅಂದೆ. "ನಾಳಿಂದ ಕಳಸ್ರಿ. ಕಾಗದ ಹಿಂದಿಂದ ಬರಲಿ."

ಅದು ಅವರ ದೊಡ್ಡತನ ಅಂದುಕೊಂಡಿದ್ದೆ. ದೊಡ್ಡತನ ಹೌದು, ಅದರ ಜೊತೆಗೆ ಕಾನೂನೂ ಹೌದು ಎಂದು ಆಮೇಲೆ ತಿಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಲ್ಲಿ ಸ್ಪಷ್ಟವಾಗಿದೆ. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಮಗುವಿನ ಪ್ರವೇಶವನ್ನು ತಡ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. 4ನೆಯ ಕಲಂ ಪ್ರಕಾರ ಶಾಲೆಯನ್ನೇ ಕಾಣದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಫೀ ಬಾಕಿಯ ಹೆದರಿಕೆಯಲ್ಲಿ ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಂಡ ತಾಯಂದಿರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮಗಳು ಮರುದಿನವೇ ಬೆಂಚಿನ ಮೇಲೆ ಕೂತಳು. ಆದರೆ ಲೆಕ್ಕದಲ್ಲಿ ಕೂರಲಿಲ್ಲ. ಈಗ ಪ್ರತಿ ಮಗುವಿಗೂ ಎಸ್‌ಎಟಿಎಸ್ ನಂಬರ್ ಇರುತ್ತದೆ, ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯ ನಂಬರ್ ಅದು. ಹಳೆಯ ಶಾಲೆ ಕಂಪ್ಯೂಟರಿನಲ್ಲಿ ಹೆಸರು ಬಿಟ್ಟುಕೊಡುವವರೆಗೆ ಹೊಸ ಶಾಲೆಯ ಪಟ್ಟಿಗೆ ಹೆಸರು ಬರುವುದಿಲ್ಲ. ನಾನು ಬಾಕಿ ಕಟ್ಟಿದ ಮೇಲೆ, ಆಗಸ್ಟ್‌ನಲ್ಲಿ, ಹೆಸರು ಬಂತು. ಅಲ್ಲಿಯವರೆಗೆ ಮಿಕ್ಕಿದ್ದ ಹಳೆಯ ಪುಸ್ತಕಗಳ ಒಂದು ಜೊತೆ ಹುಡುಕಿ ಕೊಟ್ಟಿದ್ದರು. ಊಟಕ್ಕೆ ಒಂದು ದಿನವೂ ತಡೆದಿಲ್ಲ. ಪಟ್ಟಿಗೆ ಹೆಸರು ಬಂದ ದಿನ ಮಗಳು ಓಡಿ ಬಂದು, "ಅವ್ವಾ, ಹಲಗಿ ಮ್ಯಾಲೆ 16 ಅಳಿಸಿ 17 ಬರದ್ರು, ಅದು ನಾನು!" ಅಂದಳು.

ಆ ಒಂದು ಅಂಕಿಯ ಬೆಲೆ ಎಷ್ಟು ಎಂಬುದು ನನಗೆ ಗೊತ್ತಾಗಲು ಇನ್ನೂ ಕೆಲವು ತಿಂಗಳು ಬೇಕಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಲಕರಲ್ಲಿ ತುಂಬಾ ಜನರಿಗೆ ಇದು ಗೊತ್ತಿಲ್ಲ.

ಸರ್ಕಾರಿ ಶಾಲೆಗೆ ಎಷ್ಟು ಜನ ಶಿಕ್ಷಕರು ಎಂಬುದು ಮಕ್ಕಳ ಎಣಿಕೆಯ ಮೇಲೆ ನಿಂತಿದೆ. ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. 61 ಆದರೆ ಮೂವರು. 91ಕ್ಕೆ ನಾಲ್ವರು. 121ಕ್ಕೆ ಐವರು. ಅಂದರೆ 120 ಮತ್ತು 121ರ ನಡುವೆ ಇರುವುದು ಒಂದು ಮಗು, ಮತ್ತು ಒಬ್ಬ ಶಿಕ್ಷಕರು. ನಮ್ಮ ಶಾಲೆ ಆ ಗೆರೆಯ ಹತ್ತಿರವೇ ಇತ್ತು. ಎಣಿಕೆ 117ಕ್ಕೆ ಇಳಿದ ಮೇಲೆ ಒಬ್ಬ ಅಕ್ಕೋರನ್ನು, ಅಂದರೆ ಶಿಕ್ಷಕಿಯನ್ನು, "ಹೆಚ್ಚುವರಿ" ಎಂದು ಬೇರೆ ಊರಿನ ಶಾಲೆಗೆ ಹಾಕಿದರು. ಒಂದನೆಯ ತರಗತಿಯ ಮಕ್ಕಳಿಗೆ ಕೈ ಹಿಡಿದು ಬರೆಸುತ್ತಿದ್ದ ಅಕ್ಕೋರು ಅವರು. ಕಳಿಸಿಕೊಡುವ ದಿನ ಮಕ್ಕಳು ಅವರ ಸೀರೆಯ ಸೆರಗು ಬಿಡಲಿಲ್ಲ.

ನಾಲ್ಕು ಮಕ್ಕಳು ಕಡಿಮೆ ಬಿದ್ದಿದ್ದವು. ಅದರಲ್ಲಿ ಒಂದು ನನ್ನ ಮಗ. ನನ್ನ ಓಣಿಯಲ್ಲೇ ವ್ಯಾನ್ ಹತ್ತುವ ಗಂಡುಮಕ್ಕಳನ್ನು ಎಣಿಸಿದರೆ ಉಳಿದ ಮೂರೂ ಸಿಗುತ್ತಿದ್ದವು. ಮಗಳನ್ನು ಕಳಿಸಿದ ಮನೆಯೇ ಮಗನನ್ನು ಕಳಿಸದೆ ಆ ಮಗಳ ಶಿಕ್ಷಕಿಯನ್ನು ಕಳೆಯಿತು. ದಲಾಲಿ ಅಂಗಡಿಯ ಯಾವ ಲೆಕ್ಕವೂ ನನ್ನನ್ನು ಇಷ್ಟು ನಿದ್ದೆಗೆಡಿಸಿಲ್ಲ.

ಅದೇ ದಿನಗಳಲ್ಲಿ ಮಗಳು ಕೇಳಿದ್ದು: "ತಮ್ಮಗ ವ್ಯಾನ್ ಯಾಕ, ನನಗ ನಡಿಗಿ ಯಾಕ?" ಉತ್ತರ ಇರಲಿಲ್ಲ. 2024ರ ಜೂನ್‌ನಲ್ಲಿ ಮಗನನ್ನೂ ಅದೇ ಶಾಲೆಯ ಎರಡನೆಯ ತರಗತಿಗೆ ಹಾಕಿದೆ. ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಈಗ ಅವರೇ ಅವನ ಕೈ ಹಿಡಿದು ಬಿಟ್ಟು ಬರುತ್ತಾರೆ.

ಮಕ್ಕಳು ಯಾರು ಯಾರು ಅಂತ ಕೇಳುವವರಿಗೆ. ಪ್ರತಿಯೊಬ್ಬರೂ ಕೇಳುತ್ತಾರೆ, ದನಿ ತಗ್ಗಿಸಿ ಕೇಳುತ್ತಾರೆ. ಜೋರಾಗಿಯೇ ಹೇಳುತ್ತೇನೆ. ಮಗಳ ತರಗತಿಯಲ್ಲಿ ತಾಂಡಾದಿಂದ ಬರುವ ಮಕ್ಕಳಿದ್ದಾರೆ, ಮನೆಯಲ್ಲಿ ಲಂಬಾಣಿ ಮಾತು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಯರು ಇದ್ದಾರೆ. ಉರ್ದು ಶಾಲೆಗೆ ಕಳಿಸದೆ ಕನ್ನಡಕ್ಕೆ ಹಾಕಿದ ಮನೆಗಳು ಅವು. ಕೋಲ್ಡ್ ಸ್ಟೋರೇಜ್ ಹಮಾಲರ ಮಕ್ಕಳು, ಹೋಟೆಲ್ ಸಪ್ಲಾಯರ್ ಮಗ, ಕಟಿಂಗ್ ಅಂಗಡಿಯವರ ಮಗಳು, ಗುತ್ತಿಗೆ ಪೌರಕಾರ್ಮಿಕರ ಮಗ. ಒಬ್ಬ ಹುಡುಗನಿಗೆ ಕಿವಿ ಸರಿಯಾಗಿ ಕೇಳಿಸದು. ಅವನನ್ನು ಮೊದಲನೆಯ ಬೆಂಚಿನಲ್ಲಿ ಕೂರಿಸುತ್ತಾರೆ, ಅಕ್ಕೋರು ಅವನತ್ತ ತಿರುಗಿಯೇ ಮಾತಾಡುತ್ತಾರೆ. ಹಲಗೆಯ ನಾಲ್ಕು ಮನೆಗಳಲ್ಲಿ ಇವರು ಬರೀ ಅಂಕಿ. ಒಳಗೆ ಹೋಗಿ ನೋಡಿದರೆ ನಮ್ಮ ಬ್ಯಾಡಗಿ ಪೂರ್ತಿ ಅಲ್ಲಿದೆ.

ಇಂಗ್ಲಿಷ್ ಮೀಡಿಯಂನಲ್ಲಿದ್ದಾಗ ಮಗಳ ಗೆಳತಿಯರು ಹೆಚ್ಚುಕಡಿಮೆ ನಮ್ಮಂಥ ಮನೆಯವರೇ. ಈಗ ಪಕ್ಕದಲ್ಲಿ ಕೂರುವ ಹುಡುಗಿಯಿಂದ ಲಂಬಾಣಿಯಲ್ಲಿ ಹತ್ತರವರೆಗೆ ಎಣಿಸಲು ಕಲಿತಿದ್ದಾಳೆ. ಆ ಹುಡುಗಿಯ ತಾಯಿ ನಮ್ಮ ಅಂಗಡಿಯ ಅಂಕಣದಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಮೊದಲು ಅವಳು ನನಗೆ ಕೂಲಿ ಪುಸ್ತಕದ ಒಂದು ಹೆಸರು. ಈಗ ಗುರುತಿನ ಹೆಣ್ಣುಮಗಳು. ಶಾಲೆಯ ಮೀಟಿಂಗಿನಲ್ಲಿ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂರುತ್ತೇವೆ.

ಕಲಿಸುವುದರ ಬಗ್ಗೆ. ಒಂದರಿಂದ ಮೂರರವರೆಗೆ ನಲಿ-ಕಲಿ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗುಂಪು ಮಾಡಿ, ಕಾರ್ಡು ಕೊಟ್ಟು ಕಲಿಸುತ್ತಾರೆ. ಗೋಡೆಗೆ ಕಲಿಕಾ ಏಣಿ ಅಂತ ಒಂದು ಪಟ ಇದೆ. ಅದರಲ್ಲಿ ಚಿತ್ರಗಳು ಮೆಟ್ಟಿಲಂತೆ ಮೇಲೆ ಹೋಗುತ್ತವೆ. ಪ್ರತಿ ಮಗುವಿಗೂ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಗೊತ್ತು. ಮೊದಮೊದಲು ನನಗೆ ಇದು ಸರಿ ಕಾಣಲಿಲ್ಲ. ಒಂದನೆಯ ತರಗತಿಯವರು ಎರಡನೆಯವರ ಜೊತೆ ಕೂತರೆ ಏನು ಕಲಿತಾರು ಅನಿಸಿತು. ಆಮೇಲೆ ಇದರ ಉಪಯೋಗ ಒಂದನ್ನು ಕಣ್ಣಾರೆ ಕಂಡೆ. ಅದು ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ.

ನಮ್ಮೂರಿನ ಸುಗ್ಗಿ ಶುರುವಾಗುವುದು ಡಿಸೆಂಬರ್ ಹೊತ್ತಿಗೆ. ಸೋಮವಾರ, ಗುರುವಾರ ಮಾರ್ಕೆಟ್ ದಿನ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಯ ಮೆಣಸಿನಕಾಯಿ ಲಾರಿಗಟ್ಟಲೆ ಬರುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಬರುತ್ತದೆ. ತೊಟ್ಟು ಬಿಡಿಸಲು ಸುತ್ತಲಿನ ಹಳ್ಳಿ, ತಾಂಡಾಗಳಿಂದ ಹೆಣ್ಣುಮಕ್ಕಳು ಬೆಳಗಿನ ಜಾವವೇ ಬಂದು ಕೂರುತ್ತಾರೆ. ತಾಯಿ ಕೆಲಸಕ್ಕೆ ಹೋದರೆ ಕೂಸನ್ನು ನೋಡುವವರು ಯಾರು? ಐದನೆಯ ತರಗತಿಯ ಅಕ್ಕ. ಕೆಲವು ಮನೆಯವರು ಕಬ್ಬು ಕಡಿಯಲು, ಗೋವಾದ ಕಡೆ ಕೂಲಿಗೆ ಅಂತ ಇಡೀ ಸಂಸಾರ ಕಟ್ಟಿಕೊಂಡು ಹೋಗುತ್ತಾರೆ. ಹೀಗಾಗಿ ಸುಗ್ಗಿಯಲ್ಲಿ ಕೋಣೆಯ ಹಲಗೆ ಒಂದು ಹೇಳುತ್ತದೆ, ಬೆಂಚು ಇನ್ನೊಂದು ಹೇಳುತ್ತದೆ. ದಾಖಲಾತಿ ಬೇರೆ, ಹಾಜರಿ ಬೇರೆ. ನಮ್ಮ ಅಂಗಡಿಯಲ್ಲಿ ಪುಸ್ತಕದ ಶಿಲ್ಕಿಗೂ ಗಲ್ಲೆಯ ಶಿಲ್ಕಿಗೂ ಇಷ್ಟು ಫರಕು ಬಂದರೆ ಮಾಲೀಕರು ರಾತ್ರಿ ಮನೆಗೆ ಬಿಡುವುದಿಲ್ಲ.

ಕಳೆದ ವರ್ಷ ಮಗನ ಗುಂಪಿನ ಒಬ್ಬ ಹುಡುಗ ಜನವರಿಯಲ್ಲಿ ಹೋದವನು ಮಾರ್ಚ್‌ನಲ್ಲಿ ಬಂದ. ಬೇರೆ ಶಾಲೆಯಾಗಿದ್ದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು, ಅವನು ಸುಮ್ನೆ ಕೂರುತ್ತಿದ್ದ, ಆಮೇಲೆ ಬರುವುದನ್ನೇ ಬಿಡುತ್ತಿದ್ದ. ಇಲ್ಲಿ ಬಂದವನೇ ಗೋಡೆಯ ಹತ್ತಿರ ಹೋಗಿ ತನ್ನ ಮೆಟ್ಟಿಲು ಹುಡುಕಿದ. ಬಿಟ್ಟ ಕಾರ್ಡಿನಿಂದಲೇ ಶುರು ಮಾಡಿದ. ನನ್ನ ಮಗ ಅವನಿಗಿಂತ ಮುಂದೆ ಹೋಗಿದ್ದ, ಆದರೆ ಅಕ್ಕೋರು ಅವನಿಗೆ ಓದಿಸುವ ಕೆಲಸವನ್ನು ನನ್ನ ಮಗನಿಗೇ ಕೊಟ್ಟರು. ಮನೆಯಲ್ಲಿ ಒಂದು ವಾರ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದ.

ಆದರೆ ನಾಲ್ಕನೆಯ ತರಗತಿಯಿಂದ ಏಣಿ ಇಲ್ಲ. ಅಲ್ಲಿ ಎರಡು ತಿಂಗಳು ತಪ್ಪಿದರೆ ತಪ್ಪಿದಂತೆಯೇ. ಐದು, ಆರರಲ್ಲಿ ತಾಂಡಾದ ಹುಡುಗಿಯರು ಒಬ್ಬೊಬ್ಬರೇ ಕಡಿಮೆಯಾಗುವುದು ಅದಕ್ಕೇ ಅಂತ ನನಗೆ ಅನಿಸುತ್ತದೆ. ಹೆಸರು ಪಟ್ಟಿಯಲ್ಲಿ ಇರುತ್ತದೆ. ಹುಡುಗಿ ಇರುವುದಿಲ್ಲ. ಇದು ಈ ಶಾಲೆಯ ದೊಡ್ಡ ಕೊರತೆ, ಶಾಲೆ ಒಂದೇ ಸರಿಪಡಿಸಲು ಆಗದ ಕೊರತೆ. ದಲಾಲಿ ಅಂಗಡಿಗಳವರು ಸೇರಿ ಸುಗ್ಗಿಯ ನಾಲ್ಕು ತಿಂಗಳು ಯಾರ್ಡಿನ ಹತ್ತಿರ ಕೂಸುಗಳನ್ನು ನೋಡಿಕೊಳ್ಳುವ ಒಂದು ಕೋಣೆ ಮಾಡಿದರೆ ಎಷ್ಟೋ ಅಕ್ಕಂದಿರು ಶಾಲೆಗೆ ಬರುತ್ತಾರೆ. ನಮ್ಮ ಮಾಲೀಕರಿಗೆ ಹೇಳಿದ್ದೇನೆ. ಇನ್ನೂ ಹೇಳುತ್ತೇನೆ.

ಊಟ ಚೆನ್ನಾಗಿದೆ. ಬೆಳಿಗ್ಗೆ ಹಾಲು. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಕೊಡುತ್ತಿರುವುದು. 2024ರಿಂದ ರಾಗಿ ಮಾಲ್ಟ್ ಕೂಡ. ಮಧ್ಯಾಹ್ನ ಅನ್ನ ಸಾಂಬಾರು. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನ ಆಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಯಾರು ಮೊಟ್ಟೆ, ಯಾರು ಬಾಳೆಹಣ್ಣು ಅಂತ ಸಾಲು ಬೇರೆ ಮಾಡುವುದಿಲ್ಲ, ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಇದನ್ನು ನಾನೇ ಹೋಗಿ ನೋಡಿದ್ದೇನೆ. ಸಾಂಬಾರಿಗೆ ಖಾರ ಸ್ವಲ್ಪ ಜಾಸ್ತಿ, ಆದರೆ ಬ್ಯಾಡಗಿಯಲ್ಲಿ ಅದನ್ನು ದೂರು ಎನ್ನಲಾರೆ.

ಇಂಗ್ಲಿಷ್ ಕಡಿಮೆ. ಇದನ್ನು ಮುಚ್ಚಿಡುವುದಿಲ್ಲ. ಒಂದನೆಯ ತರಗತಿಯಿಂದ ಒಂದು ವಿಷಯವಾಗಿ ಇದೆ, ಆದರೆ ಕಲಿಸಲು ಜನ ಸಾಲದು. ಮಗಳು ಎರಡನೆಯದಕ್ಕೆ ಬಂದಾಗ ಓದುತ್ತಿದ್ದ ಇಂಗ್ಲಿಷ್ ವಾಕ್ಯಗಳನ್ನು ಮೂರನೆಯದರಲ್ಲಿ ಮರೆತಿದ್ದಳು. ಈಗ ಮನೆಯಲ್ಲಿ ನಾನು ರಾತ್ರಿ ಅರ್ಧ ಗಂಟೆ ಕೂರಿಸುತ್ತೇನೆ. ಕನ್ನಡ ಓದುವುದರಲ್ಲಿ, ಬಾಯಿಲೆಕ್ಕದಲ್ಲಿ ಮಾತ್ರ ಓಣಿಯ ವ್ಯಾನ್ ಮಕ್ಕಳಿಗಿಂತ ಮುಂದಿದ್ದಾಳೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೇಸಿಗೆಯಲ್ಲಿ ನೀರು ಸಾಲುವುದಿಲ್ಲ. ಎರಡು ಸಲ ಮೀಟಿಂಗಿನಲ್ಲಿ ಎತ್ತಿದ್ದೇವೆ, ಒಂದು ಸಿಂಟೆಕ್ಸ್ ಬಂದಿದೆ, ಇನ್ನೊಂದು ಬೇಕು.

ಇನ್ನೊಂದು ಬೇಸರ. ಶಿಕ್ಷಕರಿಗೆ ಎಣಿಸುವ ಕೆಲಸ ಜಾಸ್ತಿ, ಕಲಿಸಲು ಹೊತ್ತು ಕಡಿಮೆ. ಎಸ್‌ಎಟಿಎಸ್ ಬೇರೆ, ಶಾಲೆಗಳ ಅಂಕಿಅಂಶ ತುಂಬುವ ಕೇಂದ್ರದ ಯುಡೈಸ್ ಬೇರೆ, ಬಿಸಿಯೂಟದ ಲೆಕ್ಕ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಜಾತಿ ಸಮೀಕ್ಷೆಗೆ ಅವರೇ ಮನೆಮನೆ ತಿರುಗಿದರು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಎಣಿಕೆ ಬೇಕು, ನಾನು ಲೆಕ್ಕದವಳು, ಎಣಿಕೆಯ ವಿರೋಧಿ ಅಲ್ಲ. ಆದರೆ ಹಲಗೆಯಲ್ಲಿ 121 ಇಲ್ಲ ಅಂತ ಒಬ್ಬರನ್ನು ಕಳಿಸಿ, ಉಳಿದವರನ್ನೂ ಓಣಿಗೆ ಕಳಿಸಿದರೆ ಮಕ್ಕಳಿಗೆ ಯಾರು? ಈ ವರ್ಷ ಒಂದರಿಂದ ಐದರವರೆಗೆ 123 ಆಗಿದೆ. ಹೋದ ಅಕ್ಕೋರ ಜಾಗಕ್ಕೆ ಕಾಯಂ ಶಿಕ್ಷಕರು ಬಂದಿಲ್ಲ, ಅತಿಥಿ ಶಿಕ್ಷಕಿ ಒಬ್ಬರು ಬಂದಿದ್ದಾರೆ. ಚೆನ್ನಾಗಿ ಕಲಿಸುತ್ತಾರೆ. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲ.

123 ಆಗಿದ್ದು ತಾನಾಗಿ ಅಲ್ಲ. ಕಳೆದ ಮೇ ತಿಂಗಳಲ್ಲಿ ದಾಖಲಾತಿ ಆಂದೋಲನಕ್ಕೆ ಗುರುಗಳ ಜೊತೆ ನಾವು ಐದಾರು ತಾಯಂದಿರೂ ಹೋಗಿದ್ದೆವು. ನಾನು ಓಣಿಯಲ್ಲಿ ಕೇಳಿದ್ದು ಒಂದೇ ಮಾತು: "ಮಗಳನ್ನ ಎಲ್ಲಿ ಹಾಕೀರಿ, ಮಗನ್ನ ಎಲ್ಲಿ ಹಾಕೀರಿ?" ಕೆಲವರು ಸಿಟ್ಟಾದರು. ಒಬ್ಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ಮನೆಯವರು ಜೂನ್‌ನಲ್ಲಿ ಗಂಡುಹುಡುಗರನ್ನು ಕರೆದುಕೊಂಡು ಬಂದರು. ಮಗನ ತರಗತಿಯ ಸಾಲಿನಲ್ಲಿ ಈಗ ಹೆಣ್ಣು 14, ಗಂಡು 12.

ಸೇರಿಸುವವರಿಗೆ ನಾಲ್ಕು ಮಾತು. ಆಧಾರ್, ಜನ್ಮ ದಾಖಲೆ ಎರಡರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ತಾಂಡಾದ ಮಕ್ಕಳಿಗೆ ಇದರಿಂದಲೇ ಸ್ಕಾಲರ್‌ಶಿಪ್ ನಿಲ್ಲುವುದನ್ನು ನೋಡಿದ್ದೇನೆ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಅದರ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ಕ್ಕೆ ಮಾತ್ರ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದ್ದರು. ಕಾಗದ ಯಾವುದೂ ಇಲ್ಲದಿದ್ದರೂ ಮಗುವನ್ನು ಮೊದಲು ಕರೆದುಕೊಂಡು ಹೋಗಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದು ಆ ಹೋದ ಅಕ್ಕೋರ ಜಾಗಕ್ಕೆ ಕಾಯಂ ಶಿಕ್ಷಕರು ಬಂದ ದಿನ.

ಈಗ ಜನವರಿ, ಸುಗ್ಗಿ ಜೋರಾಗಿದೆ. ಶಾಲೆ ನೋಡಲು ಹೋಗುವವರು ಮಂಗಳವಾರವೋ ಬುಧವಾರವೋ ಹೋಗಿ. ಸೋಮವಾರ, ಗುರುವಾರ ಬೆಳಿಗ್ಗೆ ಹೋದರೆ ಮುಖ್ಯ ಗುರುಗಳು ಕೋಣೆಯಲ್ಲಿ ಸಿಗುವುದಿಲ್ಲ. ಹಾಜರಿ ತೆಗೆದುಕೊಂಡ ಕೂಡಲೇ ಸೈಕಲ್ ಹತ್ತಿ ಮೆಣಸಿನಕಾಯಿ ಯಾರ್ಡಿಗೆ ಬಂದಿರುತ್ತಾರೆ. ನಮ್ಮ ಅಂಗಡಿಯ ಮುಂದೆ ಚೀಲಗಳ ನಡುವೆ ನಿಂತು, ಕರವಸ್ತ್ರ ಮೂಗಿಗೆ ಹಿಡಿದುಕೊಂಡು, ಬಾರದ ಮಕ್ಕಳ ಹೆಸರು ಕೂಗುತ್ತಿರುತ್ತಾರೆ.